ಲಾಕ್‌ಡೌನ್‌ನಲ್ಲಿ ಇಗರ್ಜಿಯ ಪೂಜೆ ಮನೆಗೆ ತಲುಪಿದ್ದು ಹೇಗೆ?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಥೋಲಿಕ ಇಗರ್ಜಿಗಳು 2012ರಲ್ಲಿ ರಚನೆಯಾದ ಉಡುಪಿ ಧರ್ಮಪ್ರಾಂತ್ಯಕ್ಕೆ ಸೇರಿವೆ. 2020ರ ಮಾರ್ಚ್ 25ರಂದು ಕೊರೊನಾದಿಂದಾಗಿ ದೇಶಕ್ಕೇ ಬೀಗ ಬಿದ್ದಾಗ ಗರಿಗಳ ಭಾನುವಾರ, ಶುಭ ಶುಕ್ರವಾರ, ಏಪ್ರಿಲ್ 12ರ ಈಸ್ಟರ್ ಎಲ್ಲವೂ ಅದರೊಳಗೇ ಸಿಕ್ಕಿಬಿದ್ದವು. ಧರ್ಮಗುರುಗಳು ಖಾಲಿ ಬೆಂಚುಗಳೆದುರು ಬಲಿಪೂಜೆ ಅರ್ಪಿಸಿದರು. ಯೂಟ್ಯೂಬ್ ಮತ್ತು ಕರಾವಳಿಯ ಟಿವಿ ಚಾನೆಲ್‌ಗಳ ನೇರಪ್ರಸಾರ ಅದನ್ನು ಮನೆಗೆ ಮುಟ್ಟಿಸಿತು. ಮುಂಬೈ, ಗಲ್ಫ್‌ನಲ್ಲಿರುವವರಿಗೂ ಊರಿನ ಕೊಂಕಣಿ ಪೂಜೆ ಸಿಕ್ಕಿದ್ದು ಅನಿರೀಕ್ಷಿತ ಲಾಭವೇ ಸರಿ.

ಆದರೆ ಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಸ್ವೀಕರಿಸುವ ಪರಮಪ್ರಸಾದ ಪರದೆಯಿಂದ ಕೈಗೆ ಬರುವಂಥದ್ದಲ್ಲ. ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲ ಎಂದು ವ್ಯಾಟಿಕನ್ 2002ರಲ್ಲೇ ಹೇಳಿತ್ತು. ಆದ್ದರಿಂದ ಪರಮಪ್ರಸಾದದ ಹೊತ್ತಿಗೆ, ಕ್ರಿಸ್ತನನ್ನು ಮನಸ್ಸಿನಲ್ಲೇ ಬರಮಾಡಿಕೊಳ್ಳುವ ಹಳೆಯ ಪ್ರಾರ್ಥನೆಯೊಂದು ಮತ್ತೆ ಬಳಕೆಗೆ ಬಂತು. ಪಾಪನಿವೇದನೆಯೂ ಸಂಸ್ಕಾರವೇ, ಅದಕ್ಕೂ ಫೋನು ಆಗದು. ಜೂನ್ 8ರಿಂದ ಕರ್ನಾಟಕದ ಆರಾಧನಾಲಯಗಳನ್ನು ತೆರೆಯಲು ಅನುಮತಿ ಸಿಕ್ಕಿತಾದರೂ ಕೇಂದ್ರದ ನಿಯಮದಂತೆ ತೀರ್ಥ ಚಿಮುಕಿಸುವಂತಿರಲಿಲ್ಲ.