ಚಾವಣಿ ಇಲ್ಲದೆಯೂ ಬಿಗಿಯಾದ ಕಾರು

ಕಾರಿನ ಚಾವಣಿ ತೆಗೆದರೆ ಏನಾಗುತ್ತೆ ಗೊತ್ತಾ? ಮುಚ್ಚಳ ಕಿತ್ತ ರಟ್ಟಿನ ಡಬ್ಬಿಯ ಹಾಗೆ ಇಡೀ ಬಾಡಿ ತಿರುಚಿಕೊಳ್ಳುತ್ತೆ. ಮರ್ಸಿಡಿಸ್-ಎಎಂಜಿ ಎಸ್‌ಎಲ್ 63ರ ನಿಜವಾದ ಸಾಧನೆ ಇರೋದು ಇಲ್ಲೇ. 2021ರಲ್ಲಿ ಬಂದ ಈ ಪೀಳಿಗೆಗೆ ಅಲ್ಯೂಮಿನಿಯಂ, ಉಕ್ಕು, ಕಾರ್ಬನ್ ಫೈಬರ್ ಬೆರೆತ ಹೊಸ ಚೌಕಟ್ಟು. ಮಡಚುವ ಲೋಹದ ಚಾವಣಿ ಹೋಗಿ ಬಟ್ಟೆಯದು ಬಂತು, 21 ಕೆಜಿ ಹಗುರ. ಆ ತೂಕ ಇಳಿದಿದ್ದು ಕಾರಿನ ನೆತ್ತಿಯಿಂದ. ಗುರುತ್ವ ಕೇಂದ್ರವೂ ಕೆಳಗಿಳಿಯಿತು. ತಿರುವಿನಲ್ಲಿ ವಾಲಾಟ ಕಡಿಮೆ.

4 ಲೀಟರ್ ವಿ8 ಟರ್ಬೊ, ನಾಲ್ಕೂ ಚಕ್ರಕ್ಕೆ ಶಕ್ತಿ, 3.6 ಸೆಕೆಂಡಿಗೆ ನೂರು ಕಿ.ಮೀ. ವೇಗ.

ಆದರೆ ನನ್ನ ಮನಸ್ಸು ಗೆದ್ದಿದ್ದು ಹಿಂದಿನ ಚಕ್ರಗಳು. ನೂರರೊಳಗಿನ ವೇಗದಲ್ಲಿ ಅವು ಮುಂದಿನ ಚಕ್ರಗಳಿಗೆ ವಿರುದ್ಧವಾಗಿ ತುಸು ತಿರುಗಿ, ಇಷ್ಟು ಭಾರದ ಕಾರನ್ನೂ ತಿರುವಿನೊಳಕ್ಕೆ ಸಲೀಸಾಗಿ ಹೊರಳಿಸುತ್ತವೆ. ವೇಗ ಅದಕ್ಕಿಂತ ಹೆಚ್ಚಿದರೆ ಅದೇ ದಿಕ್ಕಿಗೆ ತಿರುಗಿ, ಕಾರನ್ನ ಅಲುಗದಂತೆ ಹಿಡಿಯುತ್ತವೆ.