ಒಂದು ಬಕೆಟ್ಟಿನಲ್ಲಿ ಹದಿನೆಂಟು ಸಾವಿರ ಕೋಟಿ

ಇಪ್ಪತ್ತು ಲೀಟರ್ ಬಿಯರ್ ಮಾಡಲು ಎಷ್ಟು ಆಳು ಬೇಕು? ಸುಮಾರು 18,000 ಕೋಟಿ.

ಇದು ಉತ್ಪ್ರೇಕ್ಷೆಯಲ್ಲ, ಬಿಯರ್ ತಯಾರಕರು ದಿನವೂ ಹಾಕುವ ಲೆಕ್ಕ. ಮಾಮೂಲಿ ಗಡುಸಿನ ಬಿಯರ್ ಆಗಬೇಕಾದರೆ ಬಾರ್ಲಿಯಿಂದ ಸೋಸಿದ ಸಿಹಿ ತಿಳಿಯ ಒಂದೊಂದು ಮಿಲಿಲೀಟರಿಗೂ 90 ಲಕ್ಷದಷ್ಟು ಯೀಸ್ಟ್ ಕಣ ಬೀಳಬೇಕು. ಇಪ್ಪತ್ತು ಲೀಟರಿಗೆ ಗುಣಿಸಿದರೆ ಮೇಲಿನ ಸಂಖ್ಯೆ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯಲ್ಲಿದ್ದವರು 25 ಲಕ್ಷ 66 ಸಾವಿರ ಜನ. ಅಂಥ 70,000 ಜಿಲ್ಲೆಗಳನ್ನು ಒಂದೇ ಬಕೆಟ್ಟಿಗೆ ಸುರಿದಂತಾಯಿತು. ಒಣ ಯೀಸ್ಟಿನ ಒಂದು ಗ್ರಾಮಿನಲ್ಲಿ 1,000ದಿಂದ 2,000 ಕೋಟಿ ಕಣಗಳಿರುವುದರಿಂದ ಈ ಇಡೀ ದಂಡು ಹನ್ನೊಂದು ಹನ್ನೆರಡು ಗ್ರಾಮಿನ ಒಂದು ಪೊಟ್ಟಣದಲ್ಲಿ ಮಲಗಿಕೊಂಡು ಬರುತ್ತದೆ.

ಒಂದು ಕಣದ ಅಡ್ಡಗಲ ಸುಮಾರು ಐದು ಮೈಕ್ರಾನ್. ಇನ್ನೂರು ಕಣ ಒತ್ತಾಗಿ ನಿಂತರೆ ಒಂದು ಮಿಲಿಮೀಟರ್. ಪೊಟ್ಟಣದವರನ್ನೆಲ್ಲ ಸಾಲಾಗಿ ನಿಲ್ಲಿಸುತ್ತ ಹೋದರೆ ಸಾಲು 900 ಕಿಲೋಮೀಟರ್ ಆಗುತ್ತದೆ. ಕಲಬುರಗಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು ಮುಟ್ಟಿದ ಮೇಲೂ ಮುನ್ನೂರು ಕಿಲೋಮೀಟರ್ ಸಾಲು ಉಳಿದಿರುತ್ತದೆ. ಬಕೆಟ್ಟಿಗೆ ಬಿದ್ದ ಮೇಲೆ ಇವರು ಸುಮ್ಮನಿರುವುದಿಲ್ಲ, ಎರಡೇ ದಿನದಲ್ಲಿ ನಾಲ್ಕು ಪಟ್ಟಾಗಬಲ್ಲರು. ಆಗ ಸಾಲು 3,600 ಕಿಲೋಮೀಟರ್. ಕಾಶ್ಮೀರದಿಂದ ಕನ್ಯಾಕುಮಾರಿಗೆ ಇಳಿಯುವ 44ನೇ ರಾಷ್ಟ್ರೀಯ ಹೆದ್ದಾರಿ ಹೆಚ್ಚೂಕಡಿಮೆ ಅಷ್ಟೇ ಉದ್ದ.

ಈ ಯೀಸ್ಟ್ ಅಪರೂಪದ ವಸ್ತುವೇನಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ (ಪರ ಊರಿನವರಿಗೆ ಹೇಳುವುದಾದರೆ ಅದು ಏಸಿ ಹಾಕಿದ ಅಂಗಡಿಯಲ್ಲ, ಗಿಜಿಗುಡುವ ಪೇಟೆ) ಕಿರಾಣಿ ಅಂಗಡಿಯೊಂದಕ್ಕೆ ಹೋಗಿ ಕೇಳಿದೆ. "ಅದರಿ. ಬ್ರೆಡ್ ಮಾಡ್ಲಾಕ್ ಏನ್ರಿ?" ಎಂದರು ಅಂಗಡಿಯವರು. "ನಾನ್ ಮಾಡ್ಲಾಕ್ರಿ ಅಣ್ಣಾರ," ಎಂದೆ. ಬ್ರೆಡ್ಡಿಗೂ ನಮ್ಮ ಬಕೆಟ್ಟಿನ ಬಿಯರಿಗೂ ಜಾತಿ ಒಂದೇ, ತಳಿ ಮಾತ್ರ ಬೇರೆ. ಅರ್ಧ ಚಮಚ ಕಾಳನ್ನು ಉಗುರುಬೆಚ್ಚಗಿನ ಸಕ್ಕರೆ ನೀರಿಗೆ ಉದುರಿಸಿ ಲೋಟವನ್ನು ಬೆಳಕಿಗೆ ಹಿಡಿದು ನೋಡಬೇಕು. ಮೊದಲು ಕಂದು ಕಾಳುಗಳು ನೀರಿನ ಮೇಲೆ ಚಾಪೆಯಂತೆ ಹರಡುತ್ತವೆ. ಆಮೇಲೆ ಒಂದೊಂದೇ ಬಿಚ್ಚಿಕೊಂಡು ಹೊಗೆಯೆಳೆಯ ಹಾಗೆ ಕೆಳಗಿಳಿಯುತ್ತದೆ. ಐದಾರು ನಿಮಿಷಕ್ಕೆ ತಳದಿಂದ ಸೂಜಿಮೊನೆಯಂಥ ಗುಳ್ಳೆ ಏಳುತ್ತದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬೆರಳು ದಪ್ಪದ ನೊರೆ ಕಟ್ಟಿ, ಬೇಕರಿಯ ಹಿಂಬಾಗಿಲಿನ ವಾಸನೆ ಬರುತ್ತದೆ. ಬಿಯರ್ ಆಗುವುದೂ ಹೀಗೇ. ಉಳಿದದ್ದೆಲ್ಲ ಪ್ರಮಾಣದ ಮಾತು.

ಆ ಪ್ರಮಾಣ ಕೇಳಿದರೆ ತಲೆ ತಿರುಗುತ್ತದೆ. ಇಪ್ಪತ್ತು ಲೀಟರಿಗೆ ನಾಲ್ಕೂವರೆ ಕಿಲೋ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಬೇಕು. ಕಾಳು ಲಕ್ಷದ ಮೇಲಾಯಿತು. ಅದನ್ನು ನುಚ್ಚು ಮಾಡಿ 65 ಡಿಗ್ರಿ ಆಸುಪಾಸಿನ ಬಿಸಿನೀರಿನಲ್ಲಿ ಒಂದು ತಾಸು ಇಟ್ಟರೆ ಹಿಟ್ಟಿನಂಶ ಸಕ್ಕರೆಯಾಗುತ್ತದೆ. ಸೋಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಉದುರಿಸಿ ಮುಚ್ಚಳ ಹಾಕಿದರೆ ಮನುಷ್ಯನ ಕೆಲಸ ಬಹುಪಾಲು ಮುಗಿದಂತೆ. ಆ ತಿಳಿಯಲ್ಲಿ ಯೀಸ್ಟ್ ತಿನ್ನಬಲ್ಲ ಸಕ್ಕರೆ ಒಂದೂವರೆ ಕಿಲೋ ದಾಟುತ್ತದೆ. ನಾಲ್ಕು ಪಟ್ಟಾದ ಕಣಗಳಿಗೆ ಅದನ್ನು ಹಂಚಿದರೆ ತಲೆಗೆ ಸುಮಾರು 4 ಲಕ್ಷ ಕೋಟಿ ಸಕ್ಕರೆ ಅಣುಗಳು. ಐದು ದಿನದಲ್ಲಿ ತಿಂದು ಮುಗಿಸಬೇಕೆಂದರೆ ಒಂದೊಂದು ಕಣವೂ ಹಗಲು ರಾತ್ರಿ ಸೆಕೆಂಡಿಗೆ 90 ಲಕ್ಷ ಅಣುಗಳನ್ನು ನುಂಗಬೇಕು. ನುಂಗುತ್ತದೆ ಕೂಡ. ಬಕೆಟ್ಟಿನ ಮುಂದೆ ಕೂತವನಿಗೆ ಕಾಣುವುದು ಮಾತ್ರ ಮುಚ್ಚಳದ ನಳಿಗೆಯಲ್ಲಿ ಆಗಾಗ ಒಂದು 'ಗುಳುಕ್'.

ಆ ಗುಳುಕ್ ಎಲ್ಲ ಸೇರಿ ಎಷ್ಟು? ತಿಂದ ಸಕ್ಕರೆಯ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮದ್ಯಸಾರವಾಗುತ್ತದೆ, ಮಿಕ್ಕದ್ದು ಇಂಗಾಲದ ಡೈಆಕ್ಸೈಡ್. ಇಪ್ಪತ್ತು ಲೀಟರಿನಲ್ಲಿ ಮದ್ಯಸಾರ ಒಂದೇ ಲೀಟರ್, ನೂರಕ್ಕೆ ಐದು. ಗಾಳಿ ಮಾತ್ರ 400 ಲೀಟರಿಗೂ ಹೆಚ್ಚು. ಬಕೆಟ್ಟು ತನ್ನ ಇಪ್ಪತ್ತು ಪಟ್ಟು ಗಾಳಿಯನ್ನು ಹೊರಗೆ ಬಿಡುತ್ತದೆ. ಅದಕ್ಕೇ ಮೊದಲ ಸಲ ಮಾಡುವವರಿಗೆ ಹೇಳುವ ಮೊದಲ ಮಾತು, ಮುಚ್ಚಳ ಬಿಗಿಯಬೇಡಿ ಎಂದು.

ಹೊಸಬರಿಗೆ ಕೊಡುವ ಎಚ್ಚರಿಕೆಗಳೆಲ್ಲ ಕೇಳಲು ಮಡಿ ಮೈಲಿಗೆಯಂತೆ ಕಾಣುತ್ತವೆ. ನನಗೆ ಅವೆಲ್ಲ ಬರೀ ಅಂಕಗಣಿತವೆನಿಸಿತು. ಪಾತ್ರೆ ಅಷ್ಟು ಚೊಕ್ಕ ಏಕಿರಬೇಕು? ಅನುಕೂಲ ಸಿಕ್ಕರೆ ಯೀಸ್ಟ್ ತೊಂಬತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಒಂದೇ ಒಂದು ಕಣದಿಂದ ಹೊರಟರೂ 37 ಸಲ ಇಮ್ಮಡಿಯಾದರೆ 13,700 ಕೋಟಿ ದಾಟುತ್ತದೆ, ಎರಡೂವರೆ ದಿನವೂ ಬೇಡ. ಆದರೆ ಕೆಲವು ಬ್ಯಾಕ್ಟೀರಿಯಾಗಳಿಗೆ ಇಮ್ಮಡಿಯಾಗಲು ಇಪ್ಪತ್ತೇ ನಿಮಿಷ ಸಾಕು. ಅದೇ 37 ಮೆಟ್ಟಿಲನ್ನು ಅವು ಹನ್ನೆರಡೂವರೆ ತಾಸಿನೊಳಗೆ ಹತ್ತಬಲ್ಲವು. ಒಂದೊಂದೇ ಕಣ ಬಿಟ್ಟು ಓಟದ ಪಂದ್ಯ ಹಚ್ಚಿದರೆ ಯೀಸ್ಟ್ ಸೋಲುವುದು ಖಂಡಿತ. ಅದಕ್ಕೇ ನಾವು 18,000 ಕೋಟಿಯ ದಂಡನ್ನು ಮೊದಲೇ ಇಳಿಸಿ, ಎದುರಾಳಿಯನ್ನು ತೊಳೆದು ಹಾಕಿ, ಪಂದ್ಯವನ್ನು ಮೋಸದಿಂದ ಗೆಲ್ಲುತ್ತೇವೆ.

ಒಂದೇ ಕಣದಿಂದ ಹೊರಡುವುದು ಬರೀ ಕಾಗದದ ಲೆಕ್ಕವೂ ಅಲ್ಲ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದು ಯೀಸ್ಟ್ ಕಣವನ್ನು ಬೇರ್ಪಡಿಸಿ, ಅದನ್ನೇ ಬೆಳೆಸಿ ಕಾರ್ಖಾನೆಗೆ ಸಾಲುವಷ್ಟು ಮಾಡಿದ. ಕಂಪನಿ ಅದನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಬೇರೆಯವರಿಗೂ ಹಂಚಿತು. ಇಂದು ಜಗತ್ತು ವರ್ಷಕ್ಕೆ 18,000 ಕೋಟಿ ಲೀಟರಿಗೂ ಹೆಚ್ಚು ಬಿಯರ್ ತಯಾರಿಸುತ್ತದೆ. ನಮ್ಮ ಒಂದು ಬಕೆಟ್ಟಿನ ಕಣಗಳೆಷ್ಟೋ ಅಷ್ಟು ಲೀಟರ್! ಅದರಲ್ಲಿ ಹೆಚ್ಚಿನದು ಹ್ಯಾನ್ಸನ್ ಹಾಕಿಕೊಟ್ಟ ದಾರಿಯಲ್ಲೇ, ಶುದ್ಧ ತಳಿಯ ಯೀಸ್ಟಿನಲ್ಲಿ ಆಗುವ ಲಾಗರ್ ಎಂಬ ಬಗೆ.

ಇನ್ನು ಬಿಸಿಲು. ನಮ್ಮ ಬಕೆಟ್ಟಿನಂಥ ಬಿಯರಿನ ಯೀಸ್ಟಿಗೆ ಹಿತವಾದದ್ದು 18ರಿಂದ 22 ಡಿಗ್ರಿ. ಕಲಬುರಗಿಯ ಮೇ ತಿಂಗಳು ಅದರ ಇಮ್ಮಡಿ. ಸಾಲದ್ದಕ್ಕೆ ಯೀಸ್ಟ್ ತಾನೇ ಕಾಯುತ್ತದೆ. ಒಂದೂವರೆ ಕಿಲೋ ಸಕ್ಕರೆ ತಿನ್ನುವಾಗ ಏಳುವ ಶಾಖ ಹೊರಗೆ ಹೋಗದೆ ಉಳಿದರೆ ಇಪ್ಪತ್ತು ಲೀಟರೂ ಹತ್ತು ಡಿಗ್ರಿಯಷ್ಟು ಬಿಸಿಯೇರುತ್ತದೆ. ಅಂಥ ಕಾವಿನಲ್ಲಿ ಆದ ಬಿಯರ್ ಗಂಟಲು ಸುಡುತ್ತದೆ, ಬೆಳಿಗ್ಗೆ ತಲೆ ಹಿಡಿಯುತ್ತದೆ ಎನ್ನುವವರೂ ಇದ್ದಾರೆ. ವಿಚಿತ್ರವೆಂದರೆ 35–40 ಡಿಗ್ರಿಯಲ್ಲೂ ಚೆನ್ನಾಗಿ ದುಡಿಯುವ ತಳಿಯೊಂದಿದೆ, ಹೆಸರು ಕ್ವೈಕ್. ಅದು ಬಂದದ್ದು ಬಿಸಿಲೂರಿನಿಂದಲ್ಲ, ಹಿಮ ಬೀಳುವ ನಾರ್ವೆಯ ರೈತರ ಮನೆಗಳಿಂದ.

ಬಾಟಲಿಯ ಕಥೆ ಇನ್ನೂ ಗಂಭೀರ. ನೊರೆ ಬರಲೆಂದು ತುಂಬುವಾಗ ಲೀಟರಿಗೆ ಆರು ಗ್ರಾಂ ಸಕ್ಕರೆ ಹಾಕುತ್ತಾರೆ. ದೊಡ್ಡ ಬಾಟಲಿಗೆ ಒಂದು ಸಣ್ಣ ಚಮಚವೂ ಆಗದು. ಆ ಚಿಟಿಕೆ ಸಕ್ಕರೆಯ ಗಾಳಿ 20 ಡಿಗ್ರಿಯಲ್ಲಿ ಬಾಟಲಿಯೊಳಗೆ ಕಾರಿನ ಟೈರಿನಷ್ಟು ಒತ್ತಡವನ್ನು ಕಟ್ಟುತ್ತದೆ. 40 ಡಿಗ್ರಿಗೆ ಏರಿದರೆ 50 ಪಿಎಸ್‌ಐ ದಾಟುತ್ತದೆ, ಅಂದರೆ ಟೈರಿನ ಒಂದೂವರೆ ಪಟ್ಟು. ಒಂದು ಚಮಚ ಹೆಚ್ಚು ಬಿದ್ದಿದ್ದರೆ ಅದು ಬಾಟಲಿಯಲ್ಲ, ಗಾಜಿನ ಬಾಂಬು.

ಬಾರ್ಲಿ ನಮ್ಮ ಕಡೆಯ ಬೆಳೆಯಲ್ಲ. ಜೋಳದಲ್ಲಿ ಆಗುತ್ತದೆಯೇ? ಆಗುತ್ತದೆ, ಸಾವಿರಾರು ವರ್ಷದಿಂದ ಆಗುತ್ತಿದೆ. ಜೋಳ ಮೊದಲು ಮನುಷ್ಯನ ಬೆಳೆಯಾದದ್ದು ಪೂರ್ವ ಸುಡಾನಿನಲ್ಲಿ, ಈಗ್ಗೆ 5,000 ವರ್ಷಕ್ಕೂ ಹಿಂದೆ. ಭಾರತಕ್ಕೆ ಬಂದು ಸುಮಾರು 4,000 ವರ್ಷ. ಅಲ್ಲಿ ಉಳಿದ ಜೋಳವನ್ನು ಆಫ್ರಿಕದವರು ಉಂಡರು, ಕುಡಿದರು ಕೂಡ. ದಕ್ಷಿಣ ಆಫ್ರಿಕದಲ್ಲಿ ಅದು ಉಮ್‌ಕೊಂಬೋತಿ, ಬುರ್ಕಿನಾ ಫಾಸೋದಲ್ಲಿ ಡೋಲೋ. ಇಲ್ಲಿಗೆ ಬಂದದ್ದು ರೊಟ್ಟಿಯಾಯಿತು, ಸಂಗಟಿಯಾಯಿತು, ಹೆಚ್ಚೆಂದರೆ ಅಂಬಲಿಯಾಗಿ ತುಸು ಹುಳಿಯಿತು. ಬಕೆಟ್ಟಿಗೆ ಬೇಕಾದ ನಾಲ್ಕೂವರೆ ಕಿಲೋ ಜೋಳ ಐವತ್ತು ಅರವತ್ತು ರೊಟ್ಟಿಯ ಹಿಟ್ಟು. ತುಂಬಿದ ಮನೆಯ ಒಂದು ದಿನದ ಊಟ.

ಜೋಳದ ಮೊಳಕೆಯಲ್ಲಿ ಒಂದು ಅಪಾಯವೂ ಇದೆ, ನಮ್ಮ ರೈತರಿಗೆ ಹೊಸದಲ್ಲ. ಎಳೆ ಜೋಳದ ಪೈರಿಗೆ ದನ ಬಾಯಿ ಹಾಕಿದರೆ ಹೊಟ್ಟೆಯುಬ್ಬರಕ್ಕಿಂತ ಬೇಗ ಸಾಯುತ್ತದೆ. ಆ ಎಳಸಿನಲ್ಲಿರುವ ಧುರಿನ್ ಎಂಬ ವಸ್ತು ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ. ಮೊಳೆತ ಕಾಳಿನ ಬೇರು ಕುಡಿಯಲ್ಲೂ ಅದೇ ಇದೆ. ಒಣಗಿಸಿ, ಉಜ್ಜಿ, ಬೇರು ಕುಡಿ ತೂರಿ ತೆಗೆಯುವ ಕ್ರಮ ಅದಕ್ಕಾಗಿಯೇ ಇರುವುದು.

ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಸಿಗುವ ಕಮಲಾಪುರದ ಕೆಂಪು ಬಾಳೆಗೆ ಜಿಐ ಮಾನ್ಯತೆ ಇದೆ. ಸೂಪರ್ ಮಾರ್ಕೆಟ್ಟಿನಲ್ಲಿ ಅದನ್ನೂ ಜೋಳವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗುವವರಿಗೆ ತಾವು ಏನು ಹೊತ್ತಿದ್ದೇವೆಂಬ ಕಲ್ಪನೆಯೂ ಇರಲಾರದು. ರುವಾಂಡ, ಬುರುಂಡಿಗಳಲ್ಲಿ ಇವೆರಡೇ ಸಾಮಾನು: ಬಾಳೆಹಣ್ಣಿನ ರಸ, ಅದಕ್ಕೆ ಹುರಿದ ಜೋಳದ ಹಿಟ್ಟು. ಕೆಲವೇ ದಿನದಲ್ಲಿ ರುವಾಂಡದವರು ಉರ್ವಾಗ್ವಾ ಎನ್ನುವ ಬಾಳೆ ಬಿಯರ್ ಸಿದ್ಧ. ಮದುವೆಯಿರಲಿ, ಪಂಚಾಯಿತಿಯಿರಲಿ, ಅಲ್ಲಿ ಅದಿಲ್ಲದೆ ಆಗದು.

ಇಲ್ಲಿ ಮಾತ್ರ ಅದು ಅಪರಾಧ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಒಂದು ಲೋಟ ಬಿಯರನ್ನೂ ಮನೆಯಲ್ಲಿ ಮಾಡುವಂತಿಲ್ಲ. ಇಂಗ್ಲೆಂಡಿನಲ್ಲಿ 1963ರಲ್ಲೇ ಮನೆಯ ಬಿಯರಿಗೆ ಲೈಸೆನ್ಸ್ ತೆಗೆದುಹಾಕಿದರು. ಅಮೆರಿಕದಲ್ಲಿ 1978ರ ಕಾನೂನಿಗೆ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ಇಬ್ಬರು ವಯಸ್ಕರ ಮನೆ ವರ್ಷಕ್ಕೆ 757 ಲೀಟರ್ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಅಲ್ಲಿನ ನಮ್ಮ ಹುಡುಗರು ಗ್ಯಾರೇಜಿನಲ್ಲಿ ಬಕೆಟ್ ಇಟ್ಟುಕೊಂಡು ಕೂತರೆ ಪೊಲೀಸರು ಬರುವುದಿಲ್ಲ. ನಮ್ಮ ಸರ್ಕಾರ ಅಷ್ಟು ಉದಾರಿಯಾಗುವ ಲಕ್ಷಣ ನನಗೆ ಕಾಣುತ್ತಿಲ್ಲ. 2025ರ ಮಾರ್ಚ್ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಬಕೆಟ್ಟಿಗೆ ಉದುರಿಸುವ ಒಂದು ಪೊಟ್ಟಣ ಯೀಸ್ಟಿನ ಮೇಲೆ ಅದನ್ನು ಹಂಚಿದರೆ ಕಣವೊಂದಕ್ಕೆ ಎರಡು ರೂಪಾಯಿ ಇಪ್ಪತ್ತು ಪೈಸೆ ಬೀಳುತ್ತದೆ.