ಮೈಕ್ರೋವೇವ್ ಒಲೆಯಲ್ಲಿ ತಂಗಳು ಬಿಸಿ ಮಾಡುವಾಗ

ಮೈಕ್ರೋವೇವ್ ಒಲೆಯಲ್ಲಿ ಹಪ್ಪಳ ಸುಟ್ಟಿದ್ದೀರಾ? ಒಂದು ಕಡೆ ಅರಳಿ ಗರಿಗರಿಯಾದ ಹಪ್ಪಳ ಇನ್ನೊಂದು ಕಡೆ ಹಸಿಯಾಗಿಯೇ ಉಳಿದಿರುತ್ತದೆ. ಒಲೆ ಕೆಟ್ಟಿದೆಯೆಂದು ತಿಳಿಯಬೇಡಿ. ಅದರ ಸ್ವಭಾವವೇ ಹಾಗೆ.

ಈ ಒಲೆಯೊಳಗೆ ಬೆಂಕಿಯಿಲ್ಲ. ಮ್ಯಾಗ್ನೆಟ್ರಾನ್ ಎಂಬ ಭಾಗ ಸೆಕೆಂಡಿಗೆ ಸುಮಾರು 245 ಕೋಟಿ ಸಲ ಕಂಪಿಸುವ ರೇಡಿಯೋ ಅಲೆಗಳನ್ನು ಹೊರಡಿಸುತ್ತದೆ. ಒಳಗೋಡೆಗಳೆಲ್ಲ ಲೋಹದವು. ಲೋಹಕ್ಕೆ ಬಡಿದ ಅಲೆ ಹಿಂದಕ್ಕೆ ಚಿಮ್ಮುತ್ತದೆ. ಹೋಗುವ ಅಲೆಯೂ ಮರಳುವ ಅಲೆಯೂ ಕೆಲವೆಡೆ ಸೇರಿ ಬಲಗೊಳ್ಳುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಅಲೆಯ ಉದ್ದ ಸುಮಾರು 12 ಸೆಂ.ಮೀ. ಆದ್ದರಿಂದ ಖಾಲಿ ಒಲೆಯಲ್ಲಿ ಹೆಚ್ಚುಕಡಿಮೆ 6 ಸೆಂ.ಮೀ. ಅಂತರದಲ್ಲಿ ಬಿಸಿ ತಾಣಗಳು, ಅವುಗಳ ನಡುವೆ ತಣ್ಣನೆಯ ತಾಣಗಳು ಉಂಟಾಗುತ್ತವೆ. ಗಾಜಿನ ತಟ್ಟೆ ತಿರುಗುವುದು ಇದಕ್ಕಾಗಿಯೇ. ಆದರೆ ತಟ್ಟೆಯ ನಟ್ಟನಡುವೆ ಇರುವುದು ಎಷ್ಟು ತಿರುಗಿದರೂ ಅಲ್ಲೇ ಇರುತ್ತದಲ್ಲ! ಸಾಲದ್ದಕ್ಕೆ, ಅಲೆಗಳು ಆಹಾರದೊಳಕ್ಕೆ ಇಳಿಯುವುದು ಕೆಲವೇ ಸೆಂಟಿಮೀಟರು.

ಫ್ರಿಜ್ಜಿನಿಂದ ತೆಗೆದ ಸಾರಿನ ಅಂಚಿನಲ್ಲಿ ಹಬೆಯಾಡುತ್ತಿದ್ದರೂ ನಡುವೆ ತಣ್ಣಗಿರಬಹುದು. ಅಲ್ಲಿ ರೋಗಾಣುಗಳು ಸಾಯುವುದಿಲ್ಲ. ಆಹಾರದ ಎಲ್ಲ ಭಾಗವೂ 70 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅರ್ಧದಲ್ಲಿ ಹೊರತೆಗೆದು ಚೆನ್ನಾಗಿ ಕಲಕಿ, ಮತ್ತೆ ಬಿಸಿ ಮಾಡಿ, ಎರಡು ನಿಮಿಷ ಮುಚ್ಚಿಡಿ. ಬಿಸಿಯು ಒಳಗೆ ಹರಡಲು ಈ ಬಿಡುವು ಬೇಕು. ರಾತ್ರಿಯೆಲ್ಲ ಹೊರಗಿದ್ದ ಅನ್ನಕ್ಕೆ ಮಾತ್ರ ಈ ಉಪಾಯ ನಡೆಯದು. ಅದರಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ವಾಂತಿ ತರಿಸುವ ವಿಷ ಕುದಿಸಿದರೂ ನಾಶವಾಗುವುದಿಲ್ಲ.

ಅನೇಕರು ಹೆದರುವುದು ಇದಕ್ಕಲ್ಲ, ಬಾಗಿಲಿನಿಂದ ಸೋರಬಹುದಾದ ಅಲೆಗಳಿಗೆ. ಬಾಗಿಲಿನ ಲೋಹದ ಜಾಲರಿಯ ತೂತುಗಳು 12 ಸೆಂ.ಮೀ. ಅಲೆಗೆ ತೀರ ಸಣ್ಣವು. ಬೆಳಕು ನುಸುಳುತ್ತದೆ, ಈ ಅಲೆಗಳು ನುಸುಳಲಾರವು. ಬಾಗಿಲು ತೆರೆದೊಡನೆ ಅಲೆಗಳ ಉತ್ಪಾದನೆಯೇ ನಿಲ್ಲುತ್ತದೆ. ಆಹಾರದಲ್ಲಿ ಅವು ಉಳಿಯುವುದೂ ಇಲ್ಲ. ಆದರೆ ಬಾಗಿಲು ಸೊಟ್ಟಗಾಗಿದ್ದರೆ, ಸರಿಯಾಗಿ ಕೂರದಿದ್ದರೆ ರಿಪೇರಿಯಾಗುವವರೆಗೆ ಒಲೆ ಹಚ್ಚಬೇಡಿ.

ಇನ್ನು ಮಗುವಿನ ಹಾಲು. ಬಾಟಲಿ ಮುಟ್ಟಿದರೆ ಉಗುರುಬೆಚ್ಚಗೆ, ಒಳಗಿನ ಹಾಲು ಅಲ್ಲಲ್ಲಿ ಬಾಯಿ ಸುಡುವಷ್ಟು ಬಿಸಿ! ಹಾಲಿನ ಬಾಟಲಿಯನ್ನು ಈ ಒಲೆಯಲ್ಲಿ ಇಡಲೇಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ಕೆಲವು ನಿಮಿಷ ನಿಲ್ಲಿಸಿ, ಬಾಟಲಿಯನ್ನು ಅಲ್ಲಾಡಿಸಿ, ಮಣಿಕಟ್ಟಿನ ಒಳಬದಿಗೆ ನಾಲ್ಕು ಹನಿ ಬಿಟ್ಟು ನೋಡಿ ಕುಡಿಸಿ.